ಅವ್ವನ ಎಣಿಕೆಗೆ ಎರಡು ಡಿಸ್ಕು

ಮೊದಲಿಗೇ ಒಂದು ಅರಿಕೆ. ನಾನು ಕಂಪ್ಯೂಟರ್ ಶಾಸ್ತ್ರ ಓದಿದವಳಲ್ಲ. ಈ ಘಟನೆಗಳು ನಡೆದ ಕಾಲಕ್ಕೆ ಕಸೂತಿ ಕಲಿತವಳೂ ಆಗಿರಲಿಲ್ಲ. ಈ ಎರಡರ ಕುರಿತೂ ಬರೆಯಬೇಕಾಗಿ ಬಂದಿರುವುದರಿಂದ ಎರಡರಲ್ಲಿಯೂ ಎಡವುವ ಸಾಧ್ಯತೆಯಿದೆ. ಬಲ್ಲವರಿಗೆ ಎಲ್ಲಿಯಾದರೂ ದೋಷ ಕಂಡರೆ ಅದು ನನ್ನದೇ ಹೊರತು ನನಗೆ ಹೇಳಿಕೊಟ್ಟವರದಲ್ಲವೆಂದು ತಿಳಿದು ಮನ್ನಿಸಬೇಕಾಗಿ ವಿನಂತಿ.

ನಮ್ಮ ಮನೆ ಹುಬ್ಬಳ್ಳಿಯ ಅಂಚಿನಲ್ಲಿ, ಗಬ್ಬೂರಿನ ಹತ್ತಿರವಿದೆ. ಬೈಪಾಸಿನಲ್ಲಿ ಸಾಗುವ ಲಾರಿಗಳ ಸದ್ದು ಮಧ್ಯಾಹ್ನದ ಹೊತ್ತಿಗೆ ಎಲ್ಲಿಯೋ ನೀರು ಹರಿಯುತ್ತಿರುವಂತೆ ಕೇಳಿಸುತ್ತದೆ. ನನ್ನ ಬಾಲ್ಯದ ನೆನಪುಗಳಲ್ಲಿ ಆ ಸದ್ದಿನ ಮೇಲೆ ಅವ್ವನ ದನಿ ತೇಲುತ್ತಿರುತ್ತದೆ: "ನಾಕು ಹಿಡಿ, ನಾಕು ಬಿಡು. ಮ್ಯಾಲ ಏರು. ನಾಕು ಹಿಡಿ..." ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಹೋದಂತೆ ಸೀರೆಯ ಸೆರಗಿನಲ್ಲಿ ಗೋಪುರ, ನವಿಲು, ಆನೆ, ತೊಟ್ಟಿಲುಗಳು ಮೂಡಬೇಕು. ಶಿರಗುಪ್ಪಿಯ ತವರಿನಲ್ಲಿ ತನ್ನ ಅವ್ವನಿಂದ ಕಲಿತ ನಲವತ್ತಕ್ಕೂ ಹೆಚ್ಚು ಮಾದರಿಗಳು ನಮ್ಮವ್ವನ ತಲೆಯಲ್ಲಿದ್ದವು. ಕಾಗದದ ಮೇಲೆ ಒಂದೂ ಇರಲಿಲ್ಲ. ಅಕ್ಕ ಅವಳ ಪಕ್ಕದಲ್ಲಿ ಕುಳಿತು ಕೆಲವನ್ನು ಕಲಿಯುವಷ್ಟರಲ್ಲಿ ಮದುವೆಯಾಗಿ ಅಮ್ಮಿನಬಾವಿಗೆ ಹೋದಳು. ನಾನು ಸೂಜಿಯ ಡಬ್ಬಿಗೆ ಕೈ ಹಾಕಿದರೆ ಅವ್ವ, "ನೀ ಓದು" ಎನ್ನುತ್ತಿದ್ದಳು. ಓದಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳಾದೆ. ಈಗ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೇನೆ.

ಅವ್ವನ ದೃಷ್ಟಿಯ ನಡುಭಾಗ ಸವೆಯುತ್ತಿದೆಯೆಂದೂ, ಹೋದದ್ದು ಮರಳುವುದಿಲ್ಲವೆಂದೂ ಕಣ್ಣಿನ ವೈದ್ಯರು ಹೇಳಿದ ದಿನ ಅವಳು ಮನೆಯ ಹೊಸ್ತಿಲು ದಾಟಿದ ಮೇಲೆ, "ನಿಮ್ಮ ಮಾರಿ ಕಾಣತಾವ. ಎಳಿ ಕಾಣೂದಿಲ್ಲ. ಇನ್ನ ಬಾಯಿಲೆ ಹೇಳತೇನಿ, ಹಿಡಕೋರಿ" ಎಂದಳು. ಅಂದಿನಿಂದ ಬೆಳಗಿನ ಓರೆ ಬಿಸಿಲಿನಲ್ಲಿ ಹಳೆಯ ಸೆರಗುಗಳನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಅಳಿದುಳಿದ ದೃಷ್ಟಿಯಿಂದ ಒಂದೊಂದೇ ಮಾದರಿಯನ್ನು ಎಣಿಸಿ ಹೇಳತೊಡಗಿದಳು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅಮ್ಮಿನಬಾವಿಯಿಂದ ಬಂದಾಗ ಅಕ್ಕ ಅದನ್ನು ಕೇಳುತ್ತ ಒಂದಿಷ್ಟು ಹೊಲಿಯುತ್ತಿದ್ದಳು. ಅವ್ವ ಹೇಳಿ ಮುಗಿಸಿದ ಹೊತ್ತಿಗೆ ಅವಳ ಕಣ್ಣು ದೊಡ್ಡ ಗೋಪುರವನ್ನೂ ಗುರುತಿಸದಷ್ಟು ಮಂಜಾಗಿತ್ತು. ಆ ಮಾದರಿಗಳ ಎಣಿಕೆ ಪೂರ್ತಿಯಾಗಿ ಈಗ ಇದ್ದದ್ದು ಅವಳ ದನಿಯಲ್ಲಿ ಮಾತ್ರ; ಆ ದನಿ ಇದ್ದದ್ದು ಜಾಗ ತುಂಬಿ ತೂಕಡಿಸುತ್ತಿದ್ದ ಒಂದು ಫೋನಿನಲ್ಲಿ. ನಕಲು ಮಾಡಿಟ್ಟಿದ್ದ ಪೆನ್ ಡ್ರೈವ್ ಒಂದು ದಿನ ತೆರೆದರೆ ಖಾಲಿಯಾಗಿತ್ತು.

ಮನೆಯಲ್ಲಿಯೇ ಒಂದು ಸ್ಟೋರೇಜ್ ಸರ್ವರ್ ಇಡಬೇಕೆಂದು ನಿಶ್ಚಯಿಸಿದ್ದು ಆಗ. ಎಲ್ಲರ ಫೋನಿನಲ್ಲಿರುವುದೂ ವೈಫೈ ಮೂಲಕ ಬಂದು ಕೂಡುವ, ಅಮ್ಮಿನಬಾವಿಯಿಂದಲೂ ತೆರೆದು ಕೇಳಬಹುದಾದ ಒಂದು ಪೆಟ್ಟಿಗೆ. ನಾನು ಓದಿದ್ದು ಇತಿಹಾಸ. ಆದರೂ ಹತ್ತಿಯ ಮಾರುಕಟ್ಟೆಯಲ್ಲಿ ಮೂಟೆ, ಅಂಡಿಗೆ ಹೊತ್ತು ನನ್ನನ್ನು ಓದಿಸಿದ ಅಪ್ಪ, "ಅಕಿ ಡಿಗ್ರಿ ಮಾಡ್ಯಾಳ, ಅಕಿಗೆ ಎಲ್ಲಾ ತಿಳಿತೈತಿ" ಎಂದುಬಿಟ್ಟರು. ಆ ಮಾತಿನ ಭಾರದಲ್ಲಿ ನಾನು ವಾರಗಟ್ಟಲೆ ಓದಿದೆ. ಕಚೇರಿಯಲ್ಲಿ ಮೂಲೆಗೆ ಸರಿಸಿದ ಹಳೆಯ ಕಂಪ್ಯೂಟರನ್ನು ತಂದು ಸಜ್ಜುಗೊಳಿಸಬಹುದಿತ್ತು. ಆದರೆ ಅದರ ಫ್ಯಾನು ಗಿರಣಿಯಂತೆ ಮೊರೆಯುತ್ತಿತ್ತು, ಅವ್ವ ದಿನವಿಡೀ ಕುಳಿತುಕೊಳ್ಳುವ ಕೋಣೆಗೆ ಅದು ಸಲ್ಲುವಂತಿರಲಿಲ್ಲ. ಎರಡು ಡಿಸ್ಕು ಹಿಡಿಸುವ, ಸದ್ದು ಕಡಿಮೆಯಿರುವ ಸಿದ್ಧ ಪೆಟ್ಟಿಗೆಯೇ ಲೇಸೆಂದು ಬರೆದುಕೊಂಡು, ಹುಬ್ಬಳ್ಳಿಯ ಹಳೆಯ ಪೇಟೆಯ ಓಣಿಯೊಂದರಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿರುವ ಚಾಚಾ ಅವರ ಬಳಿಗೆ ಹೋದೆ.

"ಏನ್ ತುಂಬಸ್ತೀ ಬೇಟಾ ಇದ್ರಾಗ? ಸಿನಿಮಾ?"

"ಅಲ್ರಿ ಚಾಚಾ. ನಮ್ಮವ್ವನ ಎಣಿಕಿ."

"ನಿಮ್ಮವ್ವ ಬ್ಯಾಂಕಿನ್ಯಾಗ ಅದಾಳೇನು?"

"ಎಳಿ ಎಣಸ್ತಾಳ್ರಿ. ಕಸೂತಿ."

ಚಾಚಾ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟರು. "ಹಂಗಾದ್ರ ಸಿಸಿ ಕ್ಯಾಮರಾ ಪೆಟ್ಟಿಗ್ಯಾಗಿಂದ ತಗದ ಹಳೇ ಡಿಸ್ಕ್ ನಿನಗ ಕೊಡಾಂಗಿಲ್ಲ. ಅವು ದಣದಾವ. ಹಗಲೂ ರಾತ್ರಿ ತಿರಗಾಕಂತನ ಮಾಡಿದ್ದು ಬರತಾವ, ಅವನ್ನ ತಗೋ. ಮತ್ತ ಎರಡೂ ಒಂದ ಲಾಟಿನವು ಬ್ಯಾಡ. ಒಂದ ಇಲ್ಲಿ ತಗೋ, ಒಂದ ಧಾರವಾಡದಾಗ ತಗೋ. ಕೂಡೆ ತಯಾರಾದವು ಕೂಡೆ ಕೈ ಕೊಟ್ಟದ್ದ ನಾ ನೋಡೇನಿ. ಕರೆಂಟ್ ಹೋದ್ರ ಗಪ್ಪನ ನಿಲ್ಲಬಾರದು, ಸಣ್ಣದೊಂದ ಯುಪಿಎಸ್ ಇಡು."

ಎಲ್ಲವನ್ನೂ ಬರೆದುಕೊಂಡೆ. ಪೆಟ್ಟಿಗೆಯನ್ನು ಕಟ್ಟುತ್ತ ಅವರು ಮತ್ತೆ ಬಾಯಿ ತೆರೆದರು. "ಇನ್ನೊಂದ ಮಾತು. ಒಂದ ಡಿಸ್ಕಿನ್ಯಾಗ ಬರದದ್ದು ಇನ್ನೊಂದರಾಗೂ ತಾನ ಬೀಳತೈತಿ, ಖರೇ. ಆದ್ರ ಅಷ್ಟಕ್ಕ ಎರಡ ಕಾಪಿ ಅದಾವು ಅಂತ ನೀ..."

ಅಂಗಡಿಯಲ್ಲಿ ಇನ್ನೂ ನಾಲ್ಕಾರು ಗಿರಾಕಿಗಳಿದ್ದರು. ನನ್ನ ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ ತೂಗುತ್ತಿತ್ತು. "ಗೊತ್ತೈತ್ರಿ ಚಾಚಾ, ಓದೇನಿ" ಎಂದೆ. ಆ ಒಂದನ್ನು ನಾನು ಓದಿರಲಿಲ್ಲ.

"ಓದೀದಿ ಅಂದ್ರ ಛಲೋ ಆತು" ಎಂದು ಅವರು ದಾರ ಬಿಗಿದರು.

ಪೆಟ್ಟಿಗೆ ಮನೆಗೆ ಬಂದ ಮೇಲಿನ ದಿನಗಳು ನನಗೆ ಒಂದು ದೀರ್ಘ ಮಧ್ಯಾಹ್ನದಂತೆ ನೆನಪಿವೆ. ಕಪಾಟಿನ ಮೇಲೆ ನೀಲಿ ದೀಪವೊಂದು ಉಸಿರಾಡುವಂತೆ ಮಿನುಗುತ್ತಿತ್ತು. ಅವ್ವ ಅದರ ಮೇಲೆ ಅಂಗೈ ಇಟ್ಟು, "ಬೆಚ್ಚಗೈತಿ. ಬೆಕ್ಕ ಮಕ್ಕೊಂಡಂಗ ಐತಿ" ಎಂದಳು.

"ಹಾಲ ಹಾಕಬೇಕೇನ ಮತ್ತ ಅದಕ್ಕ?" ಎಂದು ಅಪ್ಪ ಕೇಳಿದರು.

ತನ್ನದೇ ದನಿ ಗೋಡೆಯ ಕಡೆಯ ಸ್ಪೀಕರಿನಿಂದ ಎಣಿಸುವುದನ್ನು ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಬೆರಳುಗಳು ಗಾಳಿಯಲ್ಲಿ ಹೊಲಿಯುತ್ತಿದ್ದವು. ಬಿಸಿಲು ನೆಲದ ಫರಸಿಯ ಮೇಲೆ ಜರುಗುತ್ತ ಅವಳ ಪಾದ ಮುಟ್ಟಿ, ಮಡಿಲು ಮುಟ್ಟಿ, ಗೋಡೆ ಹತ್ತಿ ಹೋಗುತ್ತಿತ್ತು. ಇನ್ನು ಯಾವುದೂ ಕಳೆಯದೆಂದು ನಾನು ನಂಬಿದ್ದೆ.

ಒಂದು ಭಾನುವಾರ ಕಡತಗಳನ್ನು ಒಪ್ಪವಾಗಿಡಲು ಕುಳಿತೆ. ಅಸ್ತವ್ಯಸ್ತವಾದುದನ್ನು ಕಂಡರೆ ಯಾರೋ ಬಂದು ನನ್ನ ಪದವಿಯನ್ನು ಹಿಂದಕ್ಕೆ ಕೇಳುವರೇನೋ ಎಂಬ ಅಳುಕು ನನಗೆ ಇಂದಿಗೂ ಇದೆ. ಪ್ರತಿ ಮಾದರಿಗೂ ಎರಡೆರಡು ರೆಕಾರ್ಡಿಂಗ್‌ಗಳಿದ್ದವು. ತೆರೆದು ಕೇಳಿದರೆ ಎರಡರಲ್ಲಿಯೂ ಅದೇ ನಾಕು ಹಿಡಿ, ನಾಕು ಬಿಡು. ಅವ್ವ ಖಾತ್ರಿಗೆಂದು ಎರಡನೆಯ ಸಲ ಹೇಳಿದ್ದಾಳೆಂದು ಭಾವಿಸಿ, ಎರಡನೆಯವುಗಳನ್ನೆಲ್ಲ ಅಳಿಸಿದೆ. ಅಳಿಸಿದ್ದನ್ನು ಕೆಲಕಾಲ ಕಾಯ್ದಿಡುವ ಕಸದ ಬುಟ್ಟಿಯ ಸೌಲಭ್ಯವನ್ನು ಜಾಗ ಉಳಿಯಲೆಂದು ಮೊದಲೇ ಬಂದ್ ಮಾಡಿದ್ದೆ. ಫೋನಿನಲ್ಲಿದ್ದುದನ್ನು ಪೆಟ್ಟಿಗೆ ಬಂದ ವಾರವೇ ತೆಗೆದಿದ್ದೆ.

ನಾಲ್ಕು ದಿನಗಳ ನಂತರ ಅಕ್ಕನ ಫೋನು ಬಂತು. "ಏ, ಗೋಪುರದ ತುದಿಗೆ ಬಂದು ಕುಂತೇನಿ. ಕೆಳಗ ಹೆಂಗ ಇಳೀಲಿ?"

"ಅಂದ್ರ?"

"ಹೊಳ್ಳಿ ಬರೂ ಸಾಲು ಎಲ್ಲೈತಿ? ಇದ್ರಾಗ ಹೋಗೂದಷ್ಟ ಐತಿ."

"ಅದು ಎರಡನೇ ಸಲ ಹೇಳಿದ್ದಲ್ಲೇನು? ಅದನ್ನ ತಗದೇನಿ."

"ಎಲ್ಲಾದರದೂ?"

"ಎಲ್ಲಾದರದೂ."

ಅಕ್ಕ, "ಇಷ್ಟ ಪುಸ್ತಕ ಓದ್ದಿ, ಒಂದ ಸೆರಗ ಓದಾಕ ಬರಲಿಲ್ಲಲ್ಲ ನಿನಗ" ಎಂದು ಫೋನಿಟ್ಟಳು.

ಕಸೂತಿಯ ಒಂದು ಬಗೆಗೆ ಗಾವಂತಿ ಎನ್ನುತ್ತಾರೆ. ದಾರ ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ತುದಿ ಮುಟ್ಟುತ್ತದೆ. ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬರುತ್ತದೆ. ಎಲ್ಲಿಯೂ ಗಂಟು ಬೀಳಕೂಡದು. ಸೀರೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು. ಮರಳುವ ದಾರಿ ಹೋದ ದಾರಿಯ ತಿರುವುಮುರುವಲ್ಲ. ಯಾವ ಕವಲನ್ನು ಹೋಗುವಾಗ ಬಿಡಬೇಕು, ಯಾವುದನ್ನು ಬರುವಾಗ ಹಿಡಿಯಬೇಕು ಎಂಬುದರಲ್ಲಿಯೇ ಹೊಲಿಯುವವಳ ಜಾಣ್ಮೆಯೆಲ್ಲ ಇದೆ; ಹೊಲಿದು ಮುಗಿದ ಸೆರಗಿನಲ್ಲಿ ಅದು ಅವ್ವನಷ್ಟು ಪಳಗಿದ ಕಣ್ಣಿಗಲ್ಲದೆ ಕಾಣದು. ನಾನು ಅಳಿಸಿದ್ದು ಆ ಜಾಣ್ಮೆಯನ್ನು.

ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಚಾಚಾ ಅವರಲ್ಲಿಗೆ ಹೋದೆ. ಅವರು ಎರಡು ದಿನ ಹೆಣಗಿದರು. ಅಳಿಸಿದ ಮೇಲಿನ ದಿನಗಳಲ್ಲಿ ಎಲ್ಲರ ಫೋನಿನಿಂದ ಹೊಸ ಫೋಟೊಗಳು ಬಂದು ಆ ಜಾಗಗಳಲ್ಲಿ ಕುಳಿತಿದ್ದವು. ಸಿಕ್ಕಿದ್ದು ಕೆಲವು ತುಣುಕುಗಳು ಮಾತ್ರ. "ಒಂದ ಡಿಸ್ಕ್ ಸತ್ರ ಇನ್ನೊಂದ ಕಾಯತಿತ್ತು ಬೇಟಾ. ನೀ ಅಳಸು ಅಂದ್ರ ಎರಡೂ ಅಳಸ್ತಾವ. ಅವತ್ತ ಅದನ್ನ ಹೇಳಾಕ ಬಂದಿದ್ನಿ."

"ಗೊತ್ತೈತಿ ಅಂದಾಕಿ ನಾನರಿ."

"ಬಿಟ್ಟಾಂವ ನಾನು. ಓದಿದವ್ರಿಗೆ ಏನ ಹೇಳೂದು ಅಂತ."

ಅವ್ವನಿಗೆ ಹೇಳಲು ತಡವರಿಸಿದೆ. ಅವಳು ಕೇಳಿಸಿಕೊಂಡು ಮಡಿಲಲ್ಲಿದ್ದ ಸೆರಗನ್ನು ಸವರುತ್ತ, "ಈ ಕಡೆ ದಾರ ಎಳದ್ರ ಆ ಕಡೆ ಉಳಿತೈತೇನು? ಒಂದ ದಾರ ಅದು. ನಿನಗ ಬೇಕಾದದ್ದು ಎರಡನೇ ಸೀರಿ, ಬ್ಯಾರೆ ಮನ್ಯಾಗ" ಎಂದಳು. ಅಂಗಡಿಯಲ್ಲಿ ಬರೆದುಕೊಂಡ ನನ್ನ ಪಟ್ಟಿಯಲ್ಲಿ ಇಲ್ಲದ ಸಾಲು ಅದೊಂದೇ. ಸೆರಗನ್ನು ಮಡಿಸಿಟ್ಟು, "ಸೂಜಿ ಡಬ್ಬಿ ತಾ" ಎಂದಳು.

ಅವಳ ಕಣ್ಣು ಇನ್ನು ಸೆರಗನ್ನು ಓದಲಾರದಾಗಿದ್ದರಿಂದ ನನ್ನ ಕಣ್ಣು ಬೇಕಾಯಿತು. ಅವಳದೇ ದನಿ ಕೇಳುತ್ತ ನಾನು ಹೋಗುವ ಸಾಲನ್ನು ಹೊಲಿದು ತುದಿ ಮುಟ್ಟಬೇಕು. ಅವಳು ಆ ಹೊಲಿಗೆಗಳ ಮೇಲೆ ಬೆರಳಾಡಿಸಿ ಮರಳುವ ದಾರಿಯನ್ನು ನೆನಪಿನಿಂದ ಹೇಳಬೇಕು, ನಾನು ಮತ್ತೆ ರೆಕಾರ್ಡ್ ಮಾಡಿಕೊಳ್ಳಬೇಕು. ಕಚೇರಿಗೆ ಹೊರಡುವ ಮೊದಲಿನ ಬೆಳಗುಗಳೆಲ್ಲ ಹೀಗೆ ಕಳೆದವು. "ಇದೇನ ಹೊಲಿಗಿನೋ, ಇರವಿ ಸಾಲೋ?" ಎಂದು ಅವಳು ನಗುತ್ತಿದ್ದಳು. ಎಷ್ಟೋ ಸಲ ನನಗೆ, ನಾವಿಬ್ಬರೂ ಒಂದೇ ಗೋಪುರದ ಒಳಗೆ ಇಳಿಯುತ್ತಿದ್ದೇವೆಂದೂ, ಕತ್ತಲೆಯಲ್ಲಿ ಅವಳು ಮುಂದೆ, ನಾನು ಅವಳ ಸೆರಗು ಹಿಡಿದು ಹಿಂದೆ ಇದ್ದೇವೆಂದೂ ಅನ್ನಿಸುತ್ತಿತ್ತು. ಕೆಲವೆಡೆ ಅವಳ ಬೆರಳು ನಿಂತುಬಿಡುತ್ತಿತ್ತು. "ಇಲ್ಲಿಂದ ದಾರಿ ತಿಳೀವಲ್ದು" ಎನ್ನುತ್ತಿದ್ದಳು. ಮರುದಿನ ಕೇಳಿದರೂ ತಿಳಿಯುತ್ತಿರಲಿಲ್ಲ. ಹಾಗೆ ಏಳು ಮಾದರಿಗಳು ಮರಳಿ ಬರಲಿಲ್ಲ.

ಆಮೇಲೆ ಆದದ್ದು ಇಷ್ಟು. ಮೂರನೆಯ ಡಿಸ್ಕೊಂದನ್ನು ಕೊಂಡೆವು. ಅದು ಅಮ್ಮಿನಬಾವಿಯಲ್ಲಿ ಅಕ್ಕನ ಮನೆಯ ಟ್ರಂಕಿನಲ್ಲಿರುತ್ತದೆ. ತಿಂಗಳಿಗೊಮ್ಮೆ ಅವಳು ಅದನ್ನು ತರುತ್ತಾಳೆ, ಹೊಸದನ್ನು ಅದಕ್ಕೆ ಸೇರಿಸಿ ಕಳಿಸುತ್ತೇವೆ. ಇಬ್ಬರೂ ಒಪ್ಪದೆ ಯಾವುದನ್ನೂ ಅಳಿಸುವುದಿಲ್ಲ. ಅವ್ವ ಹೊಲಿಗೆ ನಿಲ್ಲಿಸಿದ್ದಾಳೆ; ನಾನು ಗಾವಂತಿಯನ್ನು ಕಲಿತಿದ್ದೇನೆ. ಕಸೂತಿ ಹಾಕಿಸಲೆಂದು ಮನೆಗೆ ಬರುವ ಸೀರೆಗಳನ್ನು ಈಗ ಅಕ್ಕನೂ ನಾನೂ ಹಂಚಿಕೊಂಡು ಹೊಲಿಯುತ್ತೇವೆ. ಆ ಏಳು ಮಾದರಿಗಳನ್ನು ಯಾರಾದರೂ ಕೇಳಿದರೆ, ನಮ್ಮಲ್ಲಿಲ್ಲವೆಂದು ಹೇಳುತ್ತೇವೆ.