ಮೀನತ್ತೆಯ ಐದು ಹನಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ಅವಳನ್ನು ಮನೆಯಲ್ಲಿ ಮೀನತ್ತೆ ಎನ್ನುತ್ತಿದ್ದರು. ಹಾಗೆ ಕರೆಯಲು ಶುರು ಮಾಡಿದ್ದು ತಮ್ಮನ ಪುಟ್ಟ ಮಗಳು. ಮದುವೆ ಅಂತ ಒಂದು ಆಗಿ, ಮುರಿದು, ತಮ್ಮನ ಮನೆಯ ಮುಂದಿನ ಕೋಣೆಗೆ ಬಂದು ಸೇರಿದವಳಿಗೆ ಅಲ್ಲಿ ತನ್ನದು ಅಂತ ಇದ್ದದ್ದು ಒಂದು ಮಂಚ, ಅದರ ತಲೆಕಡೆ ಒಂದು ಸಣ್ಣ ಗಾಜಿನ ತೊಟ್ಟಿ, ಅಷ್ಟೇ. ತೊಟ್ಟಿಯಲ್ಲಿ ಲೋಚ್ ಎನ್ನುವ ಮೀನುಗಳು: ಪೆನ್ಸಿಲಿಗಿಂತ ತೆಳು, ಕಂದು ಪಟ್ಟೆ, ಹಗಲೆಲ್ಲ ಮರಳಲ್ಲಿ ಮುಖ ಹುದುಗಿಸಿಕೊಂಡು ಬಿದ್ದಿರುವಂಥವು.

"ಕಣ್ಣಿಗೇ ಬೀಳದ ಮೀನನ್ನ ಯಾರಾದ್ರೂ ಸಾಕ್ತಾರಾ ಅಕ್ಕ?" ಎಂದು ತಮ್ಮ ರೇಗಿಸುತ್ತಿದ್ದ.

"ಬೀಳೋವನ್ನೆಲ್ಲ ನೋಡಿ ಆಯ್ತು ಕಣೋ" ಅನ್ನುತ್ತಿದ್ದಳು. ಕೆಲಸದಿಂದ ಬಂದರೆ ಬ್ಲೀಚಿನ ವಾಸನೆ ಹೋಗುವ ತನಕ ಮೊಣಕೈವರೆಗೆ ಉಜ್ಜಿ ತೊಳೆಯದೆ ಆ ನೀರಿಗೆ ಬೆರಳೂ ಅದ್ದಿದವಳಲ್ಲ.

ಅವಳಿಗೆ ಮನೆಯಲ್ಲಿ ಇನ್ನೊಂದು ಉದ್ಯೋಗವೂ ಇತ್ತು. ತಮ್ಮನೂ ಅವನ ಹೆಂಡತಿಯೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೆಂಡತಿಯ ತಂಗಿಯ ಮದುವೆಯಲ್ಲಿ ತಮ್ಮ ಊಟಕ್ಕೆ ಕೂರದೆ ಎದ್ದು ಬಂದದ್ದು ಮೊದಲು. ಆಮೇಲೆ ಯಾರು ಮೊದಲು ಬಾಯಿ ಬಿಡಬೇಕು ಎನ್ನುವುದೇ ಜಗಳವಾಯಿತು. "ಅತ್ತಿಗೆ, ಗ್ಯಾಸ್ ಮುಗೀತು ಅಂತ ಅವರಿಗೆ ಹೇಳಿ" ಎಂದು ಹೆಂಡತಿ. "ಅಕ್ಕ, ನಾಳೆ ತರ್ತೀನಿ ಅಂತ ಅವಳಿಗೆ ಹೇಳು" ಎಂದು ಅವನು. ಇಬ್ಬರ ನಡುವೆ ಇದ್ದದ್ದು ಒಂದು ಬಾಗಿಲ ಪರದೆ. ಮೀನತ್ತೆ ಅತ್ತಲಿಂದಿತ್ತ, ಇತ್ತಲಿಂದತ್ತ. "ಪೋಸ್ಟ್‌ಮ್ಯಾನಿಗಾದ್ರೂ ಭಾನುವಾರ ರಜ ಇರತ್ತೆ" ಎಂದು ಗೊಣಗುತ್ತಲೇ ಮುಟ್ಟಿಸುತ್ತಿದ್ದಳು.

ರೋಗ ಬಂದದ್ದು ತಮ್ಮನ ಅಕ್ಕರೆಯಿಂದ. ಮಗಳಿಗೆಂದು ಅಂಗಡಿಯಿಂದ ಒಂದು ಕೆಂಪು ಮೀನು ತಂದು ಸೀದಾ ತೊಟ್ಟಿಗೆ ಸುರಿದುಬಿಟ್ಟ. ಹೊಸ ಮೀನನ್ನು ಮೊದಲು ಬೇರೆ ಪಾತ್ರೆಯಲ್ಲಿ ಇಟ್ಟು ನೋಡಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಆ ವಾರವೇ ಲೋಚುಗಳ ಮೈಮೇಲೆ ಸಣ್ಣ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಸದಾ ಅಡಗಿರುವವು ಹೊರಗೆ ಬಂದು ಕಲ್ಲಿಗೆ ಮೈ ಉಜ್ಜತೊಡಗಿದವು.

ಅಂಗಡಿಯವನು ನೀಲಿ ಔಷಧದ ಬಾಟಲಿ ಕೊಟ್ಟು ಬಿಡಿಸಿ ಹೇಳಿದ್ದ. "ಅದು ಹುಳದ ಕಾಟ. ಹುಳ ಚರ್ಮದೊಳಗೆ ಇರೋವಾಗ ಔಷಧ ತಾಗಲ್ಲ, ಉದುರಿ ನೀರಿಗೆ ಬಿದ್ದ ಮೇಲೇ ಸಾಯೋದು. ಅದು ಬೇಗ ಉದುರ್ಲಿ ಅಂತ ನೀರು ಸ್ವಲ್ಪ ಬೆಚ್ಚಗೆ ಮಾಡಿ. ಬಾಟಲಿ ಮೇಲೆ ಹತ್ತು ಹನಿ ಅಂತಿದೆ, ಅದು ಬೇರೆ ಮೀನಿಗೆ. ಇವಕ್ಕೆ ಮೈಮೇಲೆ ಹುರುಪೆ ಇಲ್ಲದ ಹಾಗೇನೆ, ಔಷಧ ಸೀದಾ ಒಳಗಿಳಿಯತ್ತೆ. ಐದರ ಮೇಲೆ ಹೋದ್ರೆ ಮೀನೂ ಹೋಗತ್ತೆ."

ಅವಳು ಹಾಗೇ ಮಾಡಿದಳು. ಚುಕ್ಕೆಗಳು ತೆಳುವಾಗುತ್ತ ಬಂದವು. ಇನ್ನೊಂದು ಸಲ ಹಾಕಿದರೆ ಮುಗಿಯಿತು ಎನ್ನುವಾಗ, ಲಾಂಡ್ರಿಯ ಜೊತೆಯವಳು ಜ್ವರವೆಂದು ಮಲಗಿ, ಅವಳ ಪಾಳಿಯೂ ಇವಳ ತಲೆಗೆ ಬಂತು. ಹೊರಡುವ ಮುಂಚೆ ತಮ್ಮನಿಗೆ ಹೇಳಿದಳು: "ಮಧ್ಯಾಹ್ನ ಐದು ಹನಿ. ಮರೀಬೇಡ್ವೋ." ಪರದೆಯಾಚೆ ಅಡುಗೆಮನೆಯಲ್ಲಿ ಅವನ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಬಂದು ನೋಡುತ್ತಾಳೆ, ಲೋಚುಗಳೆಲ್ಲ ನೀರಿನ ಮೇಲ್ಗಡೆ ಬಾಯಿ ತೆರೆದು ತೇಲುತ್ತಿವೆ. ನೀರು ಇಂಕಿನ ಹಾಗಿದೆ. ಚೀಲ ಅಲ್ಲೇ ಬಿಸಾಕಿದಳು. ಕೈ ತೊಳೆದು, ತೊಟ್ಟಿಯ ನೀರು ಚೆಲ್ಲಿ, ಹಿಡಿದಿಟ್ಟಿದ್ದ ಬಕೆಟ್ ನೀರು ಹಾಕಿದಳು. ಬೆಚ್ಚನೆ ನೀರಲ್ಲಿ ಉಸಿರಾಡುವುದೇ ಕಷ್ಟ. ಅದರ ಮೇಲೆ ಇದು. ಅವಳು ನೋಡನೋಡುತ್ತಿದ್ದಂತೆ ಒಂದೊಂದಾಗಿ ಮಗುಚಿಕೊಂಡವು.

"ಯಾರು ಹಾಕಿದ್ದು?"

"ನಾನು ಕಣಕ್ಕ, ನೀನೇ ತಾನೆ ಹೇಳಿದ್ದು? ಸರಿಯಾಗಿ ಐದು."

ಪರದೆ ಸರಿಯಿತು. "ಅತ್ತಿಗೆ, ನಾನೂ ಹಾಕ್ದೆ. ಅವರಿಗೆ ಎಲ್ಲಿ ನೆನಪಿರತ್ತೆ ಅಂತ."

"ಅಕ್ಕ, ಅವಳಿಗೆ ಹೇಳು, ನಾನೇನು ತಲೆ ಕೆಟ್ಟವನಲ್ಲ ಅಂತ."

ಮೀನತ್ತೆ ಒದ್ದೆ ಕೈಯಲ್ಲೇ ಇಬ್ಬರನ್ನೂ ನೋಡಿದಳು. "ಹಾಕಿದ್ಯಾ ಅಂತ ಒಂದು ಮಾತು. ಕೇಳಿದ್ರೆ ನಾಲಿಗೆ ಸವೀತಿತ್ತಾ?"

ಕೆಂಪು ಮೀನು ಮಾತ್ರ ಆ ಹತ್ತು ಹನಿಗೆ ರೋಗ ಕಳೆದುಕೊಂಡು ಲಕಲಕ ಓಡಾಡುತ್ತಿತ್ತು. "ಒಂದು ಉಳೀತಲ್ಲ ಅಕ್ಕ" ಎಂದ ತಮ್ಮ, ಸಮಾಧಾನಕ್ಕೆ.

ಮಾರನೆಯ ದಿನದಿಂದ ಅವಳು ಯಾರ ಮಾತನ್ನೂ ಮುಟ್ಟಿಸಲಿಲ್ಲ. "ಅವರಿಗೆ ಹೇಳಿ" ಎಂದರೆ ಕೇಳಿಸದವಳಂತೆ ಸೀರೆ ಮಡಿಸುತ್ತಿದ್ದಳು. ಹಾಲು ಮುಗಿದದ್ದು ಹೇಳುವವರಿಲ್ಲದೆ ಮಗು ಬರೀ ನೀರು ಕುಡಿದು ಶಾಲೆಗೆ ಹೋಯಿತು. ಪಾಪ ಅನ್ನಿಸಿತು; ಅದರ ಕೈಗೆ ತನ್ನ ಬಿಸ್ಕತ್ತಿನ ಪೊಟ್ಟಣ ಕೊಟ್ಟಳು. ಆದರೂ ಬಾಯಿ ಬಿಡಲಿಲ್ಲ.

ಆ ವಾರದ ಕೊನೆಗೆ ಒಂದು ಸಂಜೆ ಕೆಲಸದಿಂದ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ, ಒಳಗಿನಿಂದ ಎರಡು ದನಿ ಕೇಳಿಸಿತು. ನಡುವೆ ಮೂರನೆಯವರಿಲ್ಲ.

"ಮೀನು ಸತ್ತದ್ದಕ್ಕೆ ಇಷ್ಟು ಕೊಬ್ಬಾ ನಿಮ್ಮಕ್ಕನಿಗೆ?"

"ಅವಳು ಮೊದಲಿಂದ್ಲೂ ಹಾಗೇನೆ ಬಿಡು. ಹಿಡಿದದ್ದೇ ಹಟ. ಗಂಡನ ಮನೇಲಿ ಬಾಳದೇ ಇದ್ದದ್ದೂ ಅದಕ್ಕೇ."

"ಆ ತೊಟ್ಟಿ ತೆಗೆದ್ರೆ ಆ ಮೂಲೇಲಿ ಪಾಪುಗೆ ಓದೋಕೆ ಮೇಜು ಹಾಕ್ಬಹುದು ರೀ."

"ನಾನೂ ಅದನ್ನೇ ಅಂದ್ಕೊಂಡಿದ್ದೆ" ಎಂದ ತಮ್ಮ. ದನಿಯಲ್ಲಿ ಎಷ್ಟೋ ಕಾಲದಿಂದ ಕೇಳದಿದ್ದ ಒಂದು ಮೆದುತನ ಇತ್ತು.

ಒಳಗೆ ಹೋದರೆ ಆ ಮಾತು ನಿಂತುಹೋಗುತ್ತದೆ. ಮೀನತ್ತೆ ಚಪ್ಪಲಿ ಕೈಯಲ್ಲಿ ಹಿಡಿದು, ಅವರ ಮಾತು ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂತಳು.