ಜಟಕಾ ಸಾಬಿಯ ಕನ್ನಡ

"ಅಮ್ಮಿ, ಸಾಬರ ಥರ ಕನ್ನಡ ಮಾತಾಡೋದು ಹೆಂಗೆ? ಹೇಳ್ಕೊಡು."

ಒಂಬತ್ತನೇ ತರಗತಿಯ ನನ್ನ ಮಗಳು ಊಟದ ತಟ್ಟೆಯ ಮುಂದೆ ಕೂತು ಹೀಗೆ ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಅವಳು ಸಾಬರ ಹುಡುಗಿ. ನಾನು ಸಾಬರ ಹೆಂಗಸು, ಹೊಳಲ್ಕೆರೆಯಲ್ಲಿ ಕನ್ನಡವನ್ನೇ ಪಾಠ ಮಾಡಿ ಅನ್ನ ತಿನ್ನುವವಳು. ಮನೆಯಲ್ಲಿ ಉರ್ದು, ಹೊಸಿಲು ದಾಟಿದರೆ ಬೀದಿಯವರೆಲ್ಲ ಆಡುವ ಕನ್ನಡ, ಸಿಟ್ಟು ಬಂದರೆ ಮನೆಯೊಳಗೂ ಕನ್ನಡವೇ. ಇದರಲ್ಲಿ ಹೇಳಿಕೊಡುವುದು ಏನಿದೆ?

ವಿಷಯ ಇಷ್ಟು. ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆಯ ರಾಜಕೀಯ ವ್ಯಂಗ್ಯಚಿತ್ರ ಮಾಲೆಯೊಂದನ್ನು ಪ್ರಹಸನ ಮಾಡಿಸುತ್ತಿದ್ದರು. ಅದರಲ್ಲಿ ಒಬ್ಬ ಮಂತ್ರಿ, ಅವನ ಪಿ.ಎ., ಅವರಿಬ್ಬರನ್ನೂ ಕೂರಿಸಿಕೊಂಡು ಊರು ಸುತ್ತುವ ಜಟಕಾ ಸಾಬಿ. ಸಾಬಿಯ ಪಾತ್ರ ನನ್ನ ಮಗಳಿಗೆ ಬಂದಿತ್ತು. ಅವಳು ಮಾತಾಡಿದ್ದು ಕೇಳಿ ಮೇಷ್ಟ್ರು, "ಹಂಗಲ್ಲಮ್ಮ, ಸಾಬರ ಥರ ಮಾತಾಡು," ಅಂದರಂತೆ. ಅವಳಿಗೆ ಬರಲಿಲ್ಲವಂತೆ.

ಮೈಯೆಲ್ಲ ಉರಿದುಹೋಯಿತು. ಅವಳ ಬ್ಯಾಗಿನಿಂದ ಆ ಚಿತ್ರಮಾಲೆಯ ಪುಸ್ತಕ ತೆಗೆದೆ. ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿದ ರಟ್ಟು, ಮೂಲೆಗಳಿಗೆ ಕಪ್ಪು. ಬೆನ್ನಿನ ಹೊಲಿಗೆ ನೋಡಬೇಕಾಗಿಯೇ ಇರಲಿಲ್ಲ, ಅದು ನನ್ನ ತಂದೆ, ಅಬ್ಬಾರ ಕೈಕೆಲಸ. ಚಿತ್ರದುರ್ಗದಲ್ಲಿ ಅವರದು ಬೈಂಡಿಂಗ್ ಅಂಗಡಿ. ನಾನು ಚಿಕ್ಕವಳಿದ್ದಾಗ ಪತ್ರಿಕೆಯಲ್ಲಿ ದಿನಾ ಬರುತ್ತಿದ್ದ ಆ ಚಿತ್ರಗಳನ್ನು ಕತ್ತರಿಸಿ, ಅಂಟಿಸಿ, ಸಂಪುಟ ಮಾಡಿದವರು ಅವರೇ. ಈಚೆಗೆ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದಾಗ ಮೊಮ್ಮಗಳ ಶಾಲೆಗೆ ಹೆಮ್ಮೆಯಿಂದ ಕೊಟ್ಟವರೂ ಅವರೇ. ಆ ದಿನಗಳಲ್ಲಿ ಬೆಳಿಗ್ಗೆ ಅಂಗಡಿಗೆ ಬಂದ ಮಠದ ಗುಮಾಸ್ತರಿಗೆ, ಹತ್ತಿ ಮಂಡಿಯವರಿಗೆ ಅಂದಿನ ಚಿತ್ರವನ್ನು ಸಾಬಿಯ ದನಿಯಲ್ಲಿ ಓದಿ ಹೇಳುತ್ತಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ತಟ್ಟೆ ಪಕ್ಕಕ್ಕೆ ಸರಿಸಿ ಮೊದಲ ಪುಟದಿಂದ ಓದಿದೆ. ಆ ಕಾಲದ ಎದೆಗಾರಿಕೆಯ ಚಿತ್ರಗಳು ಅಂತ ಇವಕ್ಕೆ ಹೆಸರು. ಎಲ್ಲಿತ್ತು ಎದೆಗಾರಿಕೆ? ಮಂತ್ರಿ ಪಕ್ಷ ಬದಲಿಸುತ್ತಾನೆ, ಕೆರೆಯಂಗಳ ನುಂಗುತ್ತಾನೆ, ಬಡವರ ಸೀಮೆಎಣ್ಣೆ ನುಂಗುತ್ತಾನೆ. ಆದರೆ ಅವನನ್ನು ಬಿಡಿಸಿದ ಗೆರೆಯಲ್ಲಿ ಎಂಥ ಅಕ್ಕರೆ! ಮುದ್ದು ಹೊಟ್ಟೆ, ಮುದ್ದು ಮೂಗು. ನಿಜವಾದ ಮಂತ್ರಿಗಳೇ ತಮ್ಮ ಚಿತ್ರದ ಮೂಲಪ್ರತಿಯನ್ನು ಕೇಳಿ ತರಿಸಿಕೊಂಡು ಪಡಸಾಲೆಯಲ್ಲಿ ತೂಗುಹಾಕುತ್ತಿದ್ದರಂತೆ. ಯಾಕೆ ಹಾಕಬಾರದು? ಕೊನೆಯ ಚೌಕದಲ್ಲಿ ಒದೆ ಬೀಳುತ್ತಿದ್ದುದು ಸಾಬಿಗೆ. ಮಂತ್ರಿ ಕದ್ದರೂ ಸಾಬಿಗೆ ಒದೆ, ಪಿ.ಎ. ಸುಳ್ಳು ಹೇಳಿದರೂ ಸಾಬಿಗೇ ಒದೆ. ಚುನಾವಣೆ ಬಂದಾಗಲೆಲ್ಲ ಮಂತ್ರಿಗೊಂದು ಹೊಸ ಮುಖ. ಸಾಬಿಗೆ ಮೊದಲಿಂದ ಕೊನೆಯವರೆಗೂ ಅದೇ ಮೇಕೆ ಗಡ್ಡ, ಅದೇ ತೂತು ಟೋಪಿ. ಒಂದು ಹೆಸರು ಕೂಡ ಇಲ್ಲ.

ಎಲ್ಲೋ ದೂರದ ಊರಲ್ಲಿ ಗಲಾಟೆಯಾಗಿ ನಮ್ಮ ಬೀದಿ ಬಾಗಿಲು ಹಾಕಿಕೊಂಡ ವಾರದ ಪುಟವೂ ಸಿಕ್ಕಿತು. ಆ ವಾರ ನಮ್ಮಮ್ಮ ಮಕ್ಕಳನ್ನು ಕಿಟಕಿಯ ಹತ್ತಿರ ಬಿಟ್ಟಿರಲಿಲ್ಲ. ಚಿತ್ರದಲ್ಲಿ ಸಾಬಿ ಗಾಡಿಯ ಕೆಳಗೆ ಅವಿತಿದ್ದಾನೆ, ಓಟು ಕೇಳಲು ಬಂದ ಮಂತ್ರಿ ಬಗ್ಗಿ ನೋಡುತ್ತಿದ್ದಾನೆ. "ನಮ್ದುಕೆ ಗೊತ್ತಿಲ್ಲ ಸ್ವಾಮಿ, ಕುದ್ರೆಗೆ ಕೇಳಿ," ಅನ್ನುತ್ತಾನೆ ಸಾಬಿ. ನಮ್ಮ ಹೆದರಿಕೆ ಇವರಿಗೆ ತಮಾಷೆಯಾಗಿತ್ತು! ನಮ್ಮನ್ನು ಬಸ್ ಸ್ಟ್ಯಾಂಡಿನಿಂದ ಮನೆಗೆ ತರುತ್ತಿದ್ದ ನಿಜವಾದ ಜಟಕಾದವರು ಐಮಂಗಲದ ಕಡೆಯವರು, ಸಾಬರೇ. "ಬರ್ರಿ ಅವ್ವಾ, ಗಟ್ಟಿ ಹಿಡ್ಕಂಡು ಕುಂತ್ಕಳ್ರಿ, ದಾರಿ ಕೆಟ್ಟೈತೆ," ಅನ್ನುತ್ತಿದ್ದರು. ಈ ನಮ್ದುಕೆ, ನಿಮ್ದುಕೆಯನ್ನು ನಾನು ನಮ್ಮ ಬೀದಿಯಲ್ಲಿ ಕೇಳಿದ್ದು ಅಬ್ಬಾರ ಬಾಯಲ್ಲಿ ಮಾತ್ರ.

ಬೆಳಿಗ್ಗೆ ಮಗಳ ಶಾಲೆಗೆ ಹೋದೆ. ಮೇಷ್ಟ್ರು ನನ್ನ ಹಳೆಯ ವಿದ್ಯಾರ್ಥಿ, ಕೆಟ್ಟವನಲ್ಲ. "ಬರೀ ತಮಾಷೆ ಮೇಡಂ. ಪುಸ್ತಕ ಕೊಡಕ್ಕೆ ಬಂದಾಗ ನಿಮ್ಮ ತಂದೆಯವ್ರೇ ಹೇಳಿದ್ರು, ಅಂಗಡೀಲಿ ಓದಿ ಎಲ್ರನ್ನೂ ನಗಿಸ್ತಿದ್ದೆ ಅಂತ," ಅಂದ. ಅವನ ಮೇಲಿದ್ದ ಸಿಟ್ಟೆಲ್ಲ ಅಬ್ಬಾರ ಮೇಲೆ ತಿರುಗಿತು.

ಸಂಜೆ ಮಗಳ ಎದುರೇ ಫೋನು ಸ್ಪೀಕರಿಗೆ ಹಾಕಿ ಕೇಳಿದೆ, "ಅಬ್ಬಾ, ನಮ್ಮನ್ನೇ ಆಡ್ಕಳೋ ಚಿತ್ರಾನ ಓದಿ ಯಾಕೆ ನಗ್ತಿದ್ರಿ?"

"ಗಿರಾಕಿ ನಗ್ತಿದ್ರು, ನಾನೂ ನಗ್ತಿದ್ದೆ. ಈಗ ಏನಾತು ಅದುಕ್ಕೆ?"

"ನಾಚಿಕೆ ಆಗ್ತಿರ್ಲಿಲ್ವಾ ನಿಮಗೆ?" ಅಂತ ಕಿರುಚಿದೆ. ಹೆತ್ತ ಅಪ್ಪನಿಗೆ ಹಾಗೆ ಅನ್ನಬಾರದು, ಗೊತ್ತು. ಆದರೂ ಅಂದೆ.

ಮಗಳು ಫೋನು ಕಸಿದುಕೊಂಡು ಅಜ್ಜನಿಗೆ ಅಂದಳು, "ಅಮ್ಮಿ ಕೂಗಾಡ್ಲಿ ಬಿಡ್ರಿ ನಾನಾ. ನಂಗೆ ಆ ಸಾಬಿ ಥರ ಒಂಚೂರು ಮಾತಾಡಿ ತೋರ್ಸಿ. ನಾಟಕಕ್ಕೆ ಬೇಕು."

"ನಂಗೆ ಬರಲ್ಲವ್ವ."

"ಸುಳ್ಳು. ಅಂಗಡೀಲಿ ದಿನಾ ಮಾತಾಡ್ತಿದ್ರಂತೆ."

"ದೇವ್ರಾಣೆ ಬರಲ್ಲ. ಅದ್ರಲ್ಲಿ ಹೆಂಗೆ ಬರ್ದೈತೋ ಹಂಗೆ ನೋಡ್ಕಂಡು ಓದ್ತಿದ್ದೆ." ಅಬ್ಬಾ ಕೆಮ್ಮಿದರು. "ನೀನು ಕಲೀಬ್ಯಾಡ."

ಮಗಳು ಮರುದಿನ ಹೋಗಿ, ತನಗೆ ಮಂತ್ರಿಯ ಪಾತ್ರ ಕೊಡಿ ಅಂದಳು. ಅದಕ್ಕೆ ಆಗಲೇ ಬೇರೆಯವರಿದ್ದಾರೆ ಅಂದರಂತೆ ಮೇಷ್ಟ್ರು. ಅವಳು ನಾಟಕವನ್ನೇ ಬಿಟ್ಟಳು. ಸಾಬಿಯ ಪಾತ್ರವನ್ನು ಅವಳ ತರಗತಿಯ ಇನ್ನೊಬ್ಬ ಹುಡುಗನಿಗೆ ಕೊಟ್ಟರು, ಅವನು ಸಾಬರವನಲ್ಲ. ಅವನಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲವಂತೆ.