ಠಾಣೆಯಿಂದಾಚೆಯ ಪುಟಗಳು

ಮುಂಬೈ ಪಕ್ಕದ ಡೊಂಬಿವಲಿಯಲ್ಲಿರುವ ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಲಿದೆ. ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಾರೆ, ತಿಂಗಳೊಳಗೆ ಮನೆ ಖಾಲಿ ಮಾಡಬೇಕು. ಹಾಗಾಗಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯಿತು. ಮುಚ್ಚಳ ತೆಗೆದದ್ದೇ ನುಸಿಗುಳಿಗೆಯ ಘಾಟಿಗೆ ನಾಲ್ಕು ಸೀನು ಬಂದವು. ಐದನೆಯದು ಬರುವುದರೊಳಗೆ ನನ್ನ ಹನ್ನೊಂದು ನೋಟ್‌ಬುಕ್ಕುಗಳು ಕಂಡವು. ನಾನು ಓದಿದ ಪುಸ್ತಕಗಳೆಲ್ಲ ಅವುಗಳಲ್ಲಿವೆ. ಒಂದೊಂದಕ್ಕೆ ಎರಡೆರಡು ಪುಟ, ಮೊದಲು ಕತೆ, ಆಮೇಲೆ ನನ್ನ ಘನವಾದ ಅಭಿಪ್ರಾಯ.

"ಬಾಬಾ, ಹೇ ಪಣ ನ್ಯಾಯಚಂ?" ಎಂದಳು ಮಗಳು. ಇದನ್ನೂ ಒಯ್ಯಬೇಕಾ ಎಂಬ ಪ್ರಶ್ನೆ. ಕನ್ನಡ ಅವಳಿಗೆ ಚೆನ್ನಾಗಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಇದು ನನ್ನ ಇಡೀ ಜೀವಮಾನದ ಓದು ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ.

ನಮ್ಮ ಕನ್ನಡ ಸಂಘವೂ ಜಾಗ ಬದಲಿಸುತ್ತಿತ್ತು. ಬೇಕಾದ ಪುಸ್ತಕ ಒಯ್ಯಿರಿ ಎಂದು ಹೇಳಿದ್ದರಿಂದ ಅಲ್ಲಿಂದ ಹಳೆಯ ನಾಲ್ಕು ಕಾದಂಬರಿ ತಂದಿದ್ದೆ. ಒಂದರಲ್ಲಿ ಊರು ಬಿಟ್ಟುಹೋದ ಮಗನಿಗಾಗಿ ತಾಯಿ ದೋಣಿಕಟ್ಟೆಯಲ್ಲಿ ಕಾಯುತ್ತಾಳೆ. ಕೊನೆಯಲ್ಲಿ ಮಗ ದೋಣಿ ಇಳಿದು ಅವಳ ಕೈ ಹಿಡಿಯುತ್ತಾನೆಂದು ನನಗೆ ನೆನಪು, ನೋಟ್‌ಬುಕ್ಕಿನಲ್ಲಿಯೂ ಹಾಗೇ ಇದೆ. ಆದರೆ ಪುಸ್ತಕದಲ್ಲಿ ಮಗ ಬರುವಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು. ಎರಡನೆಯ ಪುಸ್ತಕ ತೆರೆದೆ, ಅದರ ಕೊನೆಯೂ ಬೇರೆ. ಮೂರನೆಯದೂ ಬೇರೆ. ನಾಲ್ಕನೆಯದನ್ನು ತೆರೆಯುವ ಧೈರ್ಯ ಬರಲಿಲ್ಲ.

ನಿಮಗೆ ನಗು ಬರಬಹುದು, ಆದರೆ ಬರೆಯುವಾಗಲೇ ತಲೆ ತಪ್ಪಿತ್ತೋ, ಈಗ ಓದುವಾಗ ತಪ್ಪುತ್ತಿದೆಯೋ ಎಂದು ನನಗೆ ದಿಗಿಲಾಯಿತು. ನಮ್ಮ ಅವ್ವನ ಮರೆವು ಶುರುವಾದದ್ದೂ ಹೀಗೆಯೇ. ಗೊತ್ತಿದ್ದ ಕತೆಗಳ ತುದಿ ತಪ್ಪತೊಡಗಿತು, ಆಮೇಲೆ ನಮ್ಮ ಹೆಸರುಗಳು, ಕೊನೆಗೆ ನಾವೇ. ಪುಸ್ತಕ ತೆರೆದ ದಿನದಿಂದ, ನೆನಪಿನ ಪರೀಕ್ಷೆಗೆಂದು, ಬಚ್ಚಲುಮನೆಯಲ್ಲಿ ನಿಂತು ಲೋಕಲ್ ರೈಲಿನ ಸ್ಟೇಷನ್ನುಗಳ ಹೆಸರನ್ನು ಹಿಂದುಮುಂದಾಗಿ ಹೇಳಿಕೊಳ್ಳತೊಡಗಿದೆ. ಠಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್.

"ಏನ್ರಿ, ಒಳಗ ಯಾರ ಜೋಡಿ ಮಾತಾಡಾಕತ್ತೀರಿ?" ಎಂದು ಹೆಂಡತಿ ಬಾಗಿಲು ಬಡಿದಳು. ಜಪ ಎಂದು ಸುಳ್ಳು ಹೇಳಿದೆ. ಮೆಟ್ಟಿಲ ಬಳಿ ನಿಂತು, ಸಣ್ಣ ದನಿಯಲ್ಲಿ ಫೋನ್ ಮಾಡಿ, ಠಾಣೆಯ ನೌಪಾಡಾದಲ್ಲಿರುವ ಮರೆವಿನ ಡಾಕ್ಟರರ ಹತ್ತಿರ ಸೋಮವಾರಕ್ಕೆ ನನ್ನ ಹೆಸರು ಬರೆಸಿದೆ. ಮನೆಯಲ್ಲಿ ಹೇಳಲಿಲ್ಲ.

ಅದಕ್ಕೆ ಮೊದಲು ಹಳೆಯ ಗೆಳೆಯ ಸದಾನಂದನನ್ನು ನೋಡಬೇಕೆನಿಸಿತು. ಉಡುಪಿ ಕಡೆಯ ಸದಾನಂದ ನಲವತ್ತು ವರ್ಷದ ಹಿಂದೆ ಡೊಂಬಿವಲಿಯಲ್ಲೇ ಇದ್ದ. ನಾವಿಬ್ಬರೂ ಮುಂಬೈ ಫೋರ್ಟಿನ ಆಫೀಸುಗಳಿಗೆ ಒಂದೇ ಲೋಕಲ್ಲಿನಲ್ಲಿ ಹೋಗುತ್ತಿದ್ದೆವು. ಕೂತವರು ಠಾಣೆ ಸ್ಟೇಷನ್ ಬಂದೊಡನೆ ಎದ್ದು, ನಿಂತವರಿಗೆ ಸೀಟು ಬಿಡುವುದು ಈ ಲೈನಿನ ಧರ್ಮ. ಠಾಣೆವರೆಗೆ ನಾನು ಕೂರುತ್ತಿದ್ದೆ, ಆಮೇಲೆ ಅವನು. ಒಂದೇ ಕೋಣೆಯ ಮನೆಗಳಲ್ಲಿ ಓದುವ ಮಾತೇ ಇರಲಿಲ್ಲ, ಓದು ಏನಿದ್ದರೂ ಆ ಸೀಟಿನಲ್ಲೇ. ಸಂಘದ ಪುಸ್ತಕ ಒಂದು ವಾರಕ್ಕೆ ಮಾತ್ರ ಸಿಗುತ್ತಿತ್ತು. ಆದ್ದರಿಂದ ಓದನ್ನೂ ಹಂಚಿಕೊಂಡೆವು. ಮೊದಲ ಮೂರು ದಿನ ನಾನು ಅರ್ಧ ಓದಿ ಅವನಿಗೆ ಕತೆ ಹೇಳುತ್ತಿದ್ದೆ. ಮುಂದಿನ ಮೂರು ದಿನ ಅವನು ಉಳಿದರ್ಧ ಓದಿ, ಶನಿವಾರ ಮರಳುವಾಗ ನನಗೆ ಹೇಳುತ್ತಿದ್ದ. ಭಾನುವಾರ ಎರಡನ್ನೂ ಸೇರಿಸಿ ನಾನು ಬರೆದಿಡುತ್ತಿದ್ದೆ. ಪೂರ್ತಿ ಪುಸ್ತಕ ಓದಿದ್ದೇನೆಂಬ ಗತ್ತಿನಲ್ಲಿ ನಲವತ್ತು ವರ್ಷ ಓಡಾಡಿದೆ ನೋಡಿ.

ಸದಾನಂದ ಈಗ ಪಕ್ಕದ ಕಲ್ಯಾಣದಲ್ಲಿ ಮಗನ ಮನೆಯಲ್ಲಿದ್ದಾನೆ. ಎರಡು ವರ್ಷದಿಂದ ನಾನು ಹೋಗಿರಲಿಲ್ಲ. "ಎಂತ ಮಾರಾಯ, ದಾರಿ ತಪ್ಪಿ ಬಂದದ್ದಾ?" ಎಂದ. ದೋಣಿಕಟ್ಟೆಯ ಕಾದಂಬರಿಯನ್ನೂ ನೋಟ್‌ಬುಕ್ಕನ್ನೂ ಮುಂದಿಟ್ಟು, ನನ್ನ ತಲೆ ಕೆಡುತ್ತಿದೆ ಎಂದು ಅವನೆದುರು ಮೊದಲ ಬಾರಿ ಬಾಯಿಬಿಟ್ಟು ಹೇಳಿದೆ.

ಅವನು ಪುಟ ತಿರುವಿ, ಬಹಳ ಹೊತ್ತು ಗಡ್ಡ ತುರಿಸಿದ. "ನಿನ್ನ ತಲೆ ಸರಿ ಉಂಟು. ನಾನು ಓದ್ಲೇ ಇಲ್ಲ."

"ಅಂದರ?"

"ಸಂಜೆ ಭಾವನ ಹೋಟೆಲಲ್ಲಿ ಕೌಂಟರ್ ಕೆಲಸ ಇತ್ತಲ್ಲ ನನಗೆ. ನಿದ್ದೆಯೇ ಇಲ್ಲ. ಸೀಟು ಸಿಕ್ಕಿದ ಕೂಡ್ಲೇ ಕಣ್ಣು ಮುಚ್ಚಿ ಹೋಗ್ತಿತ್ತು. ಠಾಣೆ ಕಳೆದು ಬರುವ ಮುಲುಂಡ್ ಹೇಗುಂಟು ಅಂತ ಸಹ ನಾನು ನೋಡ್ಲಿಲ್ಲ."

"ಮತ್ತ ನನಗ ಹೇಳಿದ ಕತಿ?"

"ಹೊಳೆದದ್ದು ಹೇಳಿದೆ. ನೀನು ಬೇರೆ ಬರ್ಕೊಳ್ತಿದ್ದಿ. ಬರ್ಕೊಳ್ಳುವವನ ಹತ್ರ ಗೊತ್ತಿಲ್ಲ ಅಂತ ಹೇಗೆ ಹೇಳುವುದು?"

ಎದೆಯ ಮೇಲಿನ ಭಾರ ಇಳಿಯಿತು. ಇಳಿದದ್ದೇ ಇನ್ನೊಂದು ಏರಿತು. ಸಂಘದ ವಾರ್ಷಿಕೋತ್ಸವದಲ್ಲಿ ಇದೇ ಕಾದಂಬರಿಯ ಬಗ್ಗೆ, ತಾಯಿಯ ತಾಳ್ಮೆ ಕೊನೆಗೆ ಗೆದ್ದದ್ದರ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿ ಶಾಲು ಹೊದ್ದಿದ್ದೆ. ಯಾರೂ ಎದ್ದು ತಪ್ಪು ಎಂದಿರಲಿಲ್ಲ. ಸಭೆಯಲ್ಲಿ ಯಾರೂ ಅದನ್ನು ಓದಿರಲಿಲ್ಲವೆಂದು ಈಗ ಹೊಳೆದು ಜೋರಾಗಿ ನಕ್ಕೆ. ಅವನೂ ನಕ್ಕ.

"ನಿಜವಾಗಿ ಕೊನೆಗೆ ಎಂತ ಆಗ್ತದೆ?" ಎಂದು ಕೇಳಿದ.

"ತಾಯಿ ಸಾಯ್ತಾಳ. ಮಗ ಬರೂದು ಆಮ್ಯಾಲೆ."

"ಛೆ. ಪಾಪ, ಅಷ್ಟು ವರ್ಷ ಕಾದದ್ದು," ಎಂದ.

ಚಹಾ ಬಂತು. ಹಳೆಯ ಗೆಳೆಯರ ಸುದ್ದಿ, ಮಂಡಿನೋವಿನ ಸುದ್ದಿ ಆಯಿತು. ಚಹಾದ ಕಪ್ಪು ಕೆಳಗಿಟ್ಟು ಅವನು ಕಾದಂಬರಿಯನ್ನು ಮತ್ತೆ ಎತ್ತಿಕೊಂಡ. ತಿರುಗಿಸಿ ನೋಡಿ, ಅದೇ ದನಿಯಲ್ಲಿ, ಅದೇ ಆಸಕ್ತಿಯಲ್ಲಿ ಕೇಳಿದ. "ಇದರ ಕೊನೆಗೆ ಎಂತ ಆಗ್ತದೆ ಮಾರಾಯ?"

ತಮಾಷೆ ಇರಬೇಕೆಂದು ಅವನ ಮುಖ ನೋಡಿದೆ. ತಮಾಷೆಯಲ್ಲ. ಹದಿನೈದು ನಿಮಿಷದ ಹಿಂದೆ ಕೇಳಿದ್ದು ಅವನಲ್ಲಿ ಉಳಿದಿರಲಿಲ್ಲ. ಅವ್ವನ ಕಣ್ಣಲ್ಲಿ ಕಂಡಿದ್ದ ಆ ನಿಶ್ಚಿಂತೆಯನ್ನು ಅವನ ಕಣ್ಣಲ್ಲಿ ಕಂಡು ನನಗೆ ಅಳು ಬಂತು. ತಡೆದುಕೊಂಡೆ.

"ಮಗ ಬರ್ತಾನ. ದೋಣಿ ಇಳದು ತಾಯಿ ಕೈ ಹಿಡೀತಾನ," ಎಂದೆ.

"ಒಳ್ಳೆ ಕತೆ," ಎಂದ ಸದಾನಂದ.

ಹೊರಬಂದು ಅವನ ಮಗನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. "ಹಮ್ಕೋ ಭೀ ಲಗ್ ರಹಾ ಥಾ, ಅಂಕಲ್," ಎಂದ. ಅವರಿಗೂ ಅನುಮಾನವಿತ್ತಂತೆ, ತಂದೆಗೆ ಹೇಳುವುದು ಹೇಗೆಂದು ತಿಳಿದಿರಲಿಲ್ಲವಂತೆ. ಆಮೇಲೆ ನೌಪಾಡಾಕ್ಕೆ ಫೋನ್ ಮಾಡಿ, ನನ್ನ ಹೆಸರಿನ ಜಾಗದಲ್ಲಿ ಅವನ ಹೆಸರು ಬರೆಸಿದೆ. ಮನೆಗೆ ಬಂದು ನೋಟ್‌ಬುಕ್ಕುಗಳನ್ನು ಹರಡಿಕೊಂಡೆ. ಒಂದು ಕೊನೆಯನ್ನೂ ತಿದ್ದಲಿಲ್ಲ. ಪ್ರತಿ ಕತೆಯಲ್ಲೂ ನನ್ನ ಅರ್ಧ ಮುಗಿಯುವಲ್ಲಿ ಗೆರೆ ಎಳೆದು, 'ಇಲ್ಲಿಂದ ಮುಂದೆ ಸದಾನಂದ' ಎಂದು ಬರೆದೆ. ಅವುಗಳ ಪೆಟ್ಟಿಗೆಗೆ ಮಗಳೇ ಟೇಪು ಸುತ್ತಿಕೊಟ್ಟಳು.

ಸೋಮವಾರ ಕಲ್ಯಾಣಕ್ಕೆ ಹೋಗಿ ಅವನನ್ನು ಕರೆದುಕೊಂಡು ಲೋಕಲ್ ಹತ್ತಿದೆ. ಒಂದೇ ಸೀಟು ಸಿಕ್ಕಿತು. ಅವನು ಕೂರಲು ಒಪ್ಪಲಿಲ್ಲ. "ಠಾಣೆವರೆಗೆ ನಿನ್ನದು," ಎಂದ. ಎಷ್ಟೆಲ್ಲ ಹೋಗಿ ಇದೊಂದು ಅವನಲ್ಲಿ ಉಳಿದಿತ್ತು. ಡಾಕ್ಟರರು ಏನು ಹೇಳುತ್ತಾರೋ ಎಂಬ ದಿಗಿಲಿನಲ್ಲಿ ಸ್ಟೇಷನ್ನುಗಳನ್ನು ಎಣಿಸುತ್ತ ಕೂತೆ. ಕಳವಾ ದಾಟಿತು. ಠಾಣೆಯಲ್ಲಿ ಇಳಿಯಲೆಂದು ನಾನು ಎದ್ದೆ. ಸದಾನಂದ ಹಳೆಯ ಚುರುಕಿನಲ್ಲಿ ನನ್ನ ಜಾಗದಲ್ಲಿ ಕೂತು ಕಣ್ಣು ಮುಚ್ಚಿದ.

"ಸದಾ, ಇವತ್ತ ಇಲ್ಲೇ ಇಳೀಬೇಕು," ಎಂದು ಅವನ ಕೈ ಹಿಡಿದೆ.